ಥೈರಾಯ್ಡ್ ಗಂಟು: ಗಾತ್ರಕ್ಕಿಂತ ಚಹರೆ ಮುಖ್ಯ

ಅಲ್ಟ್ರಾಸೌಂಡ್ ಪರದೆಯ ಮೇಲೆ ಆರೋಗ್ಯವಂತ ಥೈರಾಯ್ಡ್ ಗ್ರಂಥಿ ಅಕ್ಕಪಕ್ಕದ ಸ್ನಾಯುಗಳಿಗಿಂತ ಬೆಳ್ಳಗೆ ಕಾಣುತ್ತದೆ. ಅದರೊಳಗೆ ಕೊಲಾಯ್ಡ್ ಎಂಬ ಅಂಟು ದ್ರವ ತುಂಬಿದ ಲಕ್ಷಾಂತರ ಸಣ್ಣ ಕೋಶಕಗಳಿವೆ. ಒಂದೊಂದರ ಅಂಚೂ ಶಬ್ದದ ಅಲೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಕ್ಯಾನ್ಸರ್ ಕಣಗಳು ಒತ್ತೊತ್ತಾಗಿ ಬೆಳೆದು ಈ ರಚನೆಯನ್ನು ಅಳಿಸಿದರೆ ಪ್ರತಿಧ್ವನಿ ತಗ್ಗುತ್ತದೆ, ಗಂಟು ಕಪ್ಪಾಗಿ ತೋರುತ್ತದೆ. ರೇಡಿಯಾಲಜಿಸ್ಟ್ ಹುಡುಕುವ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಎರಡನೆಯದು ನನಗೆ ಅತ್ಯಂತ ಸ್ವಾರಸ್ಯಕರ ಎನಿಸುವಂಥದ್ದು: ಗಂಟು ಅಗಲಕ್ಕಿಂತ ಎತ್ತರವಾಗಿದೆಯೇ? ನಿರಪಾಯಕಾರಿ ಗಂಟು ಸಾಮಾನ್ಯವಾಗಿ ಅಂಗಾಂಶದ ಪದರಗಳಿಗೆ ಹೊಂದಿಕೊಂಡು ಅಡ್ಡಡ್ಡ ಬೆಳೆಯುತ್ತದೆ. ಪದರಗಳನ್ನು ಲೆಕ್ಕಿಸದೆ ಚರ್ಮದ ಕಡೆಗೋ ಬೆನ್ನಿನ ಕಡೆಗೋ ನುಗ್ಗಿದ್ದರೆ ಅನುಮಾನ ಬಲವಾಗುತ್ತದೆ. ಅಂಕುಡೊಂಕಾದ ಅಂಚು, ಒಳಗೆ ಚುಕ್ಕಿ ಇಟ್ಟಂತೆ ಮಿನುಗುವ ಸುಣ್ಣದ (ಕ್ಯಾಲ್ಸಿಯಂ) ಕಣಗಳೂ ಹಾಗೆಯೇ. ಆದರೆ ಮಿನುಗುವುದೆಲ್ಲ ಸುಣ್ಣವಲ್ಲ. ಚುಕ್ಕಿಯ ಹಿಂದೆ ಧೂಮಕೇತುವಿನಂತೆ ದೊಡ್ಡ ಬಾಲವೊಂದು ಕಂಡರೆ ಅದು ಬಹುಮಟ್ಟಿಗೆ ಗಟ್ಟಿಯಾದ ಕೊಲಾಯ್ಡ್, ಅಂದರೆ ನೆಮ್ಮದಿಯ ಸುದ್ದಿ.

ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಟೈ-ರಾಡ್ಸ್ ಪದ್ಧತಿ ಈ ಲಕ್ಷಣಗಳಿಗೆ ಅಂಕ ಕೊಡುತ್ತದೆ. ಎತ್ತರದ ಆಕಾರಕ್ಕೆ 3, ಸುಣ್ಣದ ಚುಕ್ಕಿಗಳಿಗೆ 3. ನೀರು ತುಂಬಿದ ಅಥವಾ ಸ್ಪಂಜಿನಂಥ ಗಂಟಿನ ರಚನೆಗೆ ಸೊನ್ನೆ. ಒಟ್ಟು 7 ದಾಟಿದರೆ ಅಥವಾ ಮುಟ್ಟಿದರೆ 1 ಸೆಂಟಿಮೀಟರ್ ಗಂಟಿಗೂ ಸೂಜಿ ಚುಚ್ಚಿ ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಅಂಕ ಬರೀ 3 ಆಗಿದ್ದರೆ ಗಂಟು 2.5 ಸೆಂಟಿಮೀಟರ್ ಆಗುವವರೆಗೂ ಸೂಜಿ ಬೇಕಿಲ್ಲ. ಸ್ಕ್ಯಾನ್ ಕೊಡುವುದು ಅಪಾಯದ ಅಂದಾಜನ್ನು ಮಾತ್ರ, ರೋಗನಿರ್ಣಯವನ್ನಲ್ಲ.

ಇಷ್ಟು ಬಿಗಿ ಏಕೆಂದರೆ, ಹುಡುಕಿದಷ್ಟೂ ಗಂಟು ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ ಲಕ್ಷಣವೇ ಇಲ್ಲದವರಿಗೂ ಕುತ್ತಿಗೆ ಸ್ಕ್ಯಾನ್ ಮಾಡುವುದು ವಾಡಿಕೆಯಾಯಿತು. 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ರ 15 ಪಟ್ಟಾಗಿತ್ತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಸಿಕ್ಕಿದ್ದರಲ್ಲಿ ಬಹುಪಾಲು ಯಾರನ್ನೂ ಕೊಲ್ಲದ ಪುಟ್ಟ ಪ್ಯಾಪಿಲರಿ (ಥೈರಾಯ್ಡ್ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ) ಗಡ್ಡೆಗಳು. ಆದರೂ ಸಾವಿರಾರು ಜನ ಗ್ರಂಥಿಯನ್ನೇ ಕಳೆದುಕೊಂಡು ಜೀವನಪೂರ್ತಿ ಹಾರ್ಮೋನ್ ಮಾತ್ರೆ ನುಂಗುವಂತಾಯಿತು.

ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಲ್ಲೇ ಬೇರೆ ದಾರಿ ಹಿಡಿದಿತ್ತು: 1 ಸೆಂಟಿಮೀಟರ್ ಮೀರದ, ಅಪಾಯ ಕಡಿಮೆಯಿರುವ ಕ್ಯಾನ್ಸರನ್ನು ಕತ್ತರಿಸದೆ ಅಲ್ಟ್ರಾಸೌಂಡಿನಲ್ಲಿ ಕಾಯುತ್ತಾ ಕೂರುವುದು. ಹತ್ತು ವರ್ಷಗಳಲ್ಲಿ 3 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೆಳೆದದ್ದು ನೂರಕ್ಕೆ ಸುಮಾರು 8 ಮಾತ್ರ. ಬೆಳೆದವರಿಗೆ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ತಡವಾಗಿರಲಿಲ್ಲ.