ಐವತ್ತಕ್ಕೆ ಐವತ್ತು ಗೆದ್ದ ಮೇವೆದರ್ ಸಾರ್ವಕಾಲಿಕ ಶ್ರೇಷ್ಠರಲ್ಲಿ ಮೊದಲಿಗರಲ್ಲವೇ?

ಓದುಗರ ಪ್ರಶ್ನೆ: ಫ್ಲಾಯ್ಡ್ ಮೇವೆದರ್ ವೃತ್ತಿಪರ ಬಾಕ್ಸಿಂಗ್‌ನಲ್ಲಿ 50 ಪಂದ್ಯಗಳನ್ನಾಡಿ ಐವತ್ತನ್ನೂ ಗೆದ್ದಿದ್ದಾರೆ. ಶುಗರ್ ರೇ ರಾಬಿನ್ಸನ್ 19 ಸಲ ಸೋತಿದ್ದಾರೆ, ಮುಹಮ್ಮದ್ ಅಲಿ 5 ಸಲ ಸೋತಿದ್ದಾರೆ. ಹೀಗಿದ್ದರೂ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಗಳಲ್ಲಿ ಸೋತವರ ಹೆಸರು ಮೇಲೆ, ಸೋಲದವರ ಹೆಸರು ಕೆಳಗೆ ಇರುವುದೇಕೆ?

ಉತ್ತರ: ಈ ಪ್ರಶ್ನೆ ಕೇಳುವವರನ್ನು ಬಾಕ್ಸಿಂಗ್ ಬಲ್ಲವರು ಕೆಲವೊಮ್ಮೆ ಹಗುರವಾಗಿ ಕಾಣುತ್ತಾರೆ. ಅದು ಸರಿಯಲ್ಲ, ಏಕೆಂದರೆ ಪ್ರಶ್ನೆಯಲ್ಲಿ ನ್ಯಾಯವಿದೆ. ಯಾವ ಆಟದಲ್ಲಾದರೂ ಸೋಲದಿರುವುದೇ ಗುರಿಯಾಗಿರುವಾಗ, ಆ ಗುರಿಯನ್ನು ಪೂರ್ತಿಯಾಗಿ ಮುಟ್ಟಿದವರನ್ನು ಎರಡನೆಯ ಸಾಲಿನಲ್ಲಿ ಕೂರಿಸಬೇಕಾದರೆ ಅದಕ್ಕೆ ಗಟ್ಟಿಯಾದ ಕಾರಣ ಕೊಡಬೇಕಾಗುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೇವೆದರ್ ತಮ್ಮ ಪೀಳಿಗೆಯ ಅತ್ಯುತ್ತಮ ಬಾಕ್ಸರ್, ರಕ್ಷಣೆಯ ಕಲೆಯಲ್ಲಿ ಇತಿಹಾಸದ ಮೂರು ನಾಲ್ಕು ಜನರಲ್ಲಿ ಒಬ್ಬರು. ಆದರೆ ಎಲ್ಲ ಕಾಲದವರನ್ನೂ ಒಟ್ಟಿಗೆ ನಿಲ್ಲಿಸಿದಾಗ ಅವರ ಜಾಗ ಮೊದಲ ಹತ್ತರ ಹೊರಗೆ, ಇಪ್ಪತ್ತರ ಒಳಗೆ.

ಮೊದಲು ಮೇವೆದರ್ ಅವರ ಸೋಲಿನ ಲೆಕ್ಕದಲ್ಲಿರುವ ಸೊನ್ನೆಯನ್ನು ನೋಡೋಣ. ಸೋಲಿಲ್ಲದ ದಾಖಲೆಯೇ ಶ್ರೇಷ್ಠತೆಯ ಅಳತೆಯಾಗಿದ್ದರೆ ಮೇವೆದರ್‌ಗಿಂತ ಮುಂದೆ ನಿಲ್ಲಬೇಕಾದವರು ಬೇರೆಯೇ ಇದ್ದಾರೆ. ಥಾಯ್ಲೆಂಡ್‌ನ ವಾನ್‌ಹೆಂಗ್ ಮೆನಯೋಥಿನ್ ಅತಿ ಕಡಿಮೆ ತೂಕದ ವಿಭಾಗದಲ್ಲಿ ಸತತ 54 ಪಂದ್ಯಗಳನ್ನು ಗೆದ್ದ ಮೇಲೆ 2020ರಲ್ಲಿ ಮೊದಲ ಸಲ ಸೋತರು. ಅವರು ಐವತ್ತನ್ನು ದಾಟಿದಾಗ, ಮೇವೆದರ್‌ಗಿಂತ ದೊಡ್ಡ ಬಾಕ್ಸರ್ ಬಂದರೆಂದು ಯಾರೂ ವಾದಿಸಲಿಲ್ಲ. ಮೆಕ್ಸಿಕೋದ ಹೂಲಿಯೊ ಸೀಸರ್ ಚಾವೆಝ್ 87 ಪಂದ್ಯಗಳನ್ನು ಒಂದೂ ಸೋಲಿಲ್ಲದೆ ಗೆದ್ದು 1993ರಲ್ಲಿ ಪರ್ನೆಲ್ ವಿಟೇಕರ್ ಎದುರು ಡ್ರಾ ಮಾಡಿಕೊಂಡರು. ಆ ಪಂದ್ಯವನ್ನು ನಿಜಕ್ಕೂ ಗೆದ್ದವರು ವಿಟೇಕರ್ ಎಂದು ನೋಡಿದವರಲ್ಲಿ ಹೆಚ್ಚಿನವರು ಇಂದಿಗೂ ಹೇಳುತ್ತಾರೆ. ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ 49 ಗೆದ್ದು, ಒಂದೂ ಸೋಲದೆ 1956ರಲ್ಲಿ ನಿವೃತ್ತರಾದರು. ಅವರಿಗೆ ಎದುರಾಳಿಗಳಾಗಿ ಸಿಕ್ಕ ದೊಡ್ಡ ಹೆಸರುಗಳಾದ ಜೋ ಲೂಯಿಸ್, ಜೆರ್ಸಿ ಜೋ ವಾಲ್ಕಾಟ್, ಆರ್ಚಿ ಮೂರ್ ಆ ಹೊತ್ತಿಗೆ ಪ್ರಾಯ ಕಳೆದಿದ್ದವರು. ಲೂಯಿಸ್‌ಗೆ 37, ವಾಲ್ಕಾಟ್‌ಗೆ 38. ಅಂಕಿಯ ಹಿಂದೆ ಯಾರಿದ್ದರು, ಅವರು ಯಾವ ಸ್ಥಿತಿಯಲ್ಲಿದ್ದರು ಎಂದು ಕೇಳದೆ ಬಾಕ್ಸಿಂಗ್ ದಾಖಲೆಯನ್ನು ಓದಲಾಗದು.

ಇದಕ್ಕೆ ಕಾರಣ ಈ ಕ್ರೀಡೆಯ ರಚನೆಯಲ್ಲೇ ಇದೆ. ಟೆನಿಸ್‌ನಲ್ಲಿ ಚೀಟಿ ಎತ್ತಿ ಜೋಡಿ ಗೊತ್ತುಮಾಡುತ್ತಾರೆ, ಎದುರು ಬಂದವರೊಂದಿಗೆ ಆಡಲೇಬೇಕು. ಮೈಸೂರು ದಸರಾ ಕುಸ್ತಿಯಲ್ಲಿ ಪಂದ್ಯಕ್ಕೆ ಮುಂಚೆ ಹಿರಿಯರು ಕುಳಿತು ಪೈಲ್ವಾನರ ಜೋಡಿ ಕಟ್ಟುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವ ಕೆಲಸ ಹಣ ಹಾಕಿ ಪಂದ್ಯ ಏರ್ಪಡಿಸುವ ಪ್ರಚಾರಕರದ್ದು. 2007ರ ಮೇ 5ರಂದು ಆಸ್ಕರ್ ಡೆ ಲಾ ಹೋಯಾ ಅವರನ್ನು ಸೋಲಿಸಿದ ಮೇಲೆ ಮೇವೆದರ್ ಎಷ್ಟು ದೊಡ್ಡ ಆಕರ್ಷಣೆಯಾದರೆಂದರೆ, ತಮ್ಮ ಜೋಡಿಯನ್ನು ತಾವೇ ಕಟ್ಟಿಕೊಳ್ಳುವ ಶಕ್ತಿ ಅವರಿಗೆ ಬಂತು. ಯಾರೊಂದಿಗೆ, ಯಾವಾಗ, ಯಾವ ತೂಕದಲ್ಲಿ ಎಂಬ ಮೂರನ್ನೂ ಅವರು ನಿರ್ಧರಿಸಬಲ್ಲವರಾದರು. ಅವರ ಸ್ಥಾನದ ಕುರಿತ ವಾದವೆಲ್ಲ ಕೊನೆಗೆ ಈ ಮೂರು ಮಾತುಗಳ ಸುತ್ತಲೇ ಸುತ್ತುತ್ತದೆ.

2009ರ ಸೆಪ್ಟೆಂಬರ್‌ನಲ್ಲಿ ಅವರು ಎದುರಿಸಿದ ಹುವಾನ್ ಮ್ಯಾನ್ಯುವೆಲ್ ಮಾರ್ಕೆಝ್ ಆಗ 135 ಪೌಂಡ್ ತೂಕದ ಲೈಟ್‌ವೇಟ್ ಚಾಂಪಿಯನ್. ಪಂದ್ಯಕ್ಕೆ ಒಪ್ಪಿಕೊಂಡ ತೂಕ 144 ಪೌಂಡ್. ಮೇವೆದರ್ ಅದಕ್ಕಿಂತ 2 ಪೌಂಡ್ ಹೆಚ್ಚು ತೂಗಿ, ದಂಡ ಕಟ್ಟಿ ರಿಂಗ್ ಹತ್ತಿದರು. 2013ರಲ್ಲಿ ಎದುರಾದ ಕನೆಲೊ ಅಲ್ವಾರೆಝ್ 154 ಪೌಂಡ್ ವಿಭಾಗದ ಚಾಂಪಿಯನ್, ವಯಸ್ಸು 23. ಅವರನ್ನು 152 ಪೌಂಡ್‌ಗೆ ಇಳಿಯುವಂತೆ ಒಪ್ಪಿಸಲಾಗಿತ್ತು. ಅಂದು ಮೇವೆದರ್ ತೋರಿದ ಕೌಶಲ ಮಾತ್ರ ಅದ್ಭುತವಾಗಿತ್ತು. 36ರ ವಯಸ್ಸಿನಲ್ಲಿ, ತಮಗಿಂತ ದೊಡ್ಡ ಮೈಕಟ್ಟಿನ ತರುಣನನ್ನು ಅವರು ಪಾಠ ಹೇಳಿಕೊಡುವ ಗುರುವಿನಂತೆ ಆಡಿಸಿದರು. ಆ ಗೆಲುವಿನ ಬೆಲೆ ಎರಡು ಪೌಂಡ್‌ಗಳಿಂದ ಕುಸಿಯುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅದೇ ತರುಣ ಮುಂದೆ ಎಂತಹ ಚಾಂಪಿಯನ್ ಆದರೆಂಬುದನ್ನು ನೋಡಿದರೆ ಆ ಗೆಲುವು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿದೆ.

ಅದೇ ಕಾಲದ ಇನ್ನೊಬ್ಬ ದೊಡ್ಡ ಬಾಕ್ಸರ್, ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ ವಿಷಯದಲ್ಲಿ ಅಷ್ಟು ಉದಾರವಾಗಿ ಹೇಳಲಾರೆ. 2010ರ ಮಾರ್ಚ್‌ನಲ್ಲಿ ನಡೆಯಬೇಕಿದ್ದ ಆ ಪಂದ್ಯ ಮದ್ದು ಪರೀಕ್ಷೆಗಾಗಿ ರಕ್ತ ಕೊಡುವ ವಿಧಾನದ ಬಗೆಗಿನ ಜಗಳದಲ್ಲಿ ಮುರಿದುಬಿತ್ತು. ಆಗ ಇಬ್ಬರೂ ತಮ್ಮ ಶಕ್ತಿಯ ಶಿಖರದಲ್ಲಿದ್ದರು. ತಪ್ಪು ಒಂದೇ ಕಡೆಯದೆಂದು ಹೇಳುವುದು ಅನ್ಯಾಯವಾದೀತು, ಆದರೆ ನಷ್ಟವಂತೂ ಮೇವೆದರ್ ಅವರ ಹೆಸರಿನ ಮೇಲೂ ಬೀಳುತ್ತದೆ. 2012ರ ಡಿಸೆಂಬರ್‌ನಲ್ಲಿ ಮಾರ್ಕೆಝ್ ಅವರ ಒಂದೇ ಬಲಗೈ ಗುದ್ದಿಗೆ ಪ್ಯಾಕಿಯಾವೊ ಮುಖ ಕೆಳಗಾಗಿ ಬಿದ್ದರು. ಇದಾಗಿ ಸುಮಾರು ಎರಡೂವರೆ ವರ್ಷ ಕಳೆದು, 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಕೊನೆಗೂ ಪಂದ್ಯ ನಡೆದಾಗ ಮೇವೆದರ್‌ಗೆ 38, ಪ್ಯಾಕಿಯಾವೊಗೆ 36. ಮೇವೆದರ್ 118–110, 116–112, 116–112 ಅಂಕಗಳಿಂದ ಸ್ಪಷ್ಟವಾಗಿ ಗೆದ್ದರು. ಅಮೆರಿಕದಲ್ಲಿ 46 ಲಕ್ಷ ಮನೆಗಳು ಹಣ ಕೊಟ್ಟು ಅದನ್ನು ನೋಡಿದವು. ಐದು ವರ್ಷ ಮೊದಲೇ ಇದೇ ಫಲಿತಾಂಶ ಬಂದಿದ್ದರೆ ಇಂದು ಈ ಪ್ರಶ್ನೆಗೆ ನಾನು ಬೇರೆ ಉತ್ತರ ಬರೆಯುತ್ತಿದ್ದೆನೋ ಏನೋ. ಇನ್ನು ಐವತ್ತನೆಯ ಗೆಲುವಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 2017ರ ಆಗಸ್ಟ್‌ನಲ್ಲಿ ಅವರು ಸೋಲಿಸಿದ ಕಾನರ್ ಮೆಕ್‌ಗ್ರೆಗರ್‌ಗೆ ಅದು ವೃತ್ತಿಪರ ಬಾಕ್ಸಿಂಗ್‌ನ ಮೊಟ್ಟಮೊದಲ ಪಂದ್ಯ. ಶ್ರೇಷ್ಠತೆಯ ಲೆಕ್ಕದಲ್ಲಿ ನಾನು ಅದನ್ನು ಎಣಿಸುವುದೇ ಇಲ್ಲ.

ಈಗ ರಾಬಿನ್ಸನ್ ಅವರ 19 ಸೋಲುಗಳ ಕಡೆ ಬರೋಣ, ಏಕೆಂದರೆ ಪ್ರಶ್ನೆಯ ಗಂಟು ಇರುವುದು ಅಲ್ಲಿ. 1940ರ ಅಕ್ಟೋಬರ್‌ನಲ್ಲಿ ವೃತ್ತಿಗೆ ಇಳಿದ ರಾಬಿನ್ಸನ್ ಎರಡೂವರೆ ವರ್ಷ ತುಂಬುವುದರೊಳಗೆ 40 ಪಂದ್ಯಗಳನ್ನು ಆಡಿ ನಲವತ್ತನ್ನೂ ಗೆದ್ದಿದ್ದರು. ಮೇವೆದರ್ 50 ಪಂದ್ಯಗಳಿಗೆ ತೆಗೆದುಕೊಂಡದ್ದು 21 ವರ್ಷ. 1943ರ ಫೆಬ್ರವರಿ 5ರಂದು ಡೆಟ್ರಾಯಿಟ್‌ನಲ್ಲಿ ರಾಬಿನ್ಸನ್ ಮೊದಲ ಸಲ ಸೋತದ್ದು ಜೇಕ್ ಲಮೊಟ್ಟಾ ಎಂಬ ಮಿಡಲ್‌ವೇಟ್ (160 ಪೌಂಡ್ ವಿಭಾಗದ) ಬಾಕ್ಸರ್‌ಗೆ, ಅವರು ರಾಬಿನ್ಸನ್‌ಗಿಂತ ಸುಮಾರು 16 ಪೌಂಡ್ ಭಾರವಾಗಿದ್ದರು. ಸೋತ ಮೂರೇ ವಾರಕ್ಕೆ ಅದೇ ಊರಿನಲ್ಲಿ ಅದೇ ಲಮೊಟ್ಟಾ ಅವರನ್ನು ರಾಬಿನ್ಸನ್ ಸೋಲಿಸಿದರು, ಅದೂ ನಡುವೆ ಇನ್ನೊಂದು ಪಂದ್ಯವನ್ನು ಆಡಿ ಗೆದ್ದ ಮೇಲೆ! ಒಟ್ಟು ಆರು ಸಲ ಈ ಇಬ್ಬರು ಸೆಣಸಿದರು; ಐದರಲ್ಲಿ ಗೆದ್ದವರು ರಾಬಿನ್ಸನ್. ಡೆಟ್ರಾಯಿಟ್‌ನ ಆ ಸೋಲಿನ ನಂತರ ಮುಂದಿನ ಎಂಟು ವರ್ಷ, 91 ಪಂದ್ಯಗಳಲ್ಲಿ ಅವರನ್ನು ಯಾರೂ ಸೋಲಿಸಲಿಲ್ಲ.

ಉಳಿದ ಸೋಲುಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. 1951ರ ಜುಲೈನಲ್ಲಿ ಲಂಡನ್‌ನಲ್ಲಿ ರ್‍ಯಾಂಡಿ ಟರ್ಪಿನ್‌ಗೆ ಸೋತು, ಎರಡೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಟರ್ಪಿನ್ ಅವರನ್ನು ಸೋಲಿಸಿ ಮಿಡಲ್‌ವೇಟ್ ಪಟ್ಟವನ್ನು ಮರಳಿ ಪಡೆದರು. 1952ರ ಜೂನ್‌ನಲ್ಲಿ ಇನ್ನೂ ಮೇಲಿನ ತೂಕದ ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಎದುರು ಯಾಂಕೀ ಕ್ರೀಡಾಂಗಣದಲ್ಲಿ ಆಡಿದ ರಾತ್ರಿ ಸೆಕೆ ಎಷ್ಟಿತ್ತೆಂದರೆ ರೆಫರಿಯೇ ಬಳಲಿ ನಡುವೆ ಬದಲಾಗಬೇಕಾಯಿತು. ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮುಂದಿದ್ದ ರಾಬಿನ್ಸನ್ 14ನೆಯ ಸುತ್ತಿಗೆ ಪೀಠದಿಂದ ಏಳಲಾಗದೆ ಪಂದ್ಯವನ್ನು ಬಿಟ್ಟುಕೊಟ್ಟರು. ಅವರ ಇಡೀ ಜೀವನದಲ್ಲಿ ನಿಗದಿತ ಸುತ್ತುಗಳು ಮುಗಿಯುವ ಮುನ್ನವೇ ಸೋತದ್ದು ಅದೊಂದೇ ಪಂದ್ಯ, ಅದರಲ್ಲೂ ಅವರನ್ನು ಮಣಿಸಿದ್ದು ಸೆಕೆ. ಆ ವರ್ಷದ ಕೊನೆಗೆ ಅವರು ನಿವೃತ್ತಿ ಘೋಷಿಸಿದಾಗ 130ಕ್ಕೂ ಹೆಚ್ಚು ಗೆಲುವುಗಳ ಎದುರು ಇದ್ದ ಸೋಲುಗಳು ಕೇವಲ ಮೂರು. ಮಿಕ್ಕ 16 ಸೋಲುಗಳೆಲ್ಲ 1955ರಲ್ಲಿ, ಮೂವತ್ತಮೂರು ದಾಟಿದ ಮೇಲೆ, ಮರಳಿ ಬಂದು 1965ರವರೆಗೆ ಆಡಿದ ಕಾಲದವು. ಆ ಇಳಿಗಾಲದಲ್ಲೂ ಅವರು ಜೀನ್ ಫುಲ್ಮರ್‌ಗೆ ಸೋತು ಫುಲ್ಮರ್ ಅವರನ್ನು, ಕಾರ್ಮೆನ್ ಬಸೀಲಿಯೊಗೆ ಸೋತು ಬಸೀಲಿಯೊ ಅವರನ್ನು ಮತ್ತೆ ಸೋಲಿಸಿ ಮಿಡಲ್‌ವೇಟ್ ಪಟ್ಟವನ್ನು ಒಟ್ಟು ಐದು ಸಲ ಗೆದ್ದವರಾದರು. ಅಸೋಸಿಯೇಟೆಡ್ ಪ್ರೆಸ್ 1999ರಲ್ಲಿ ಶತಮಾನದ ಬಾಕ್ಸರ್ ಎಂದು ಅವರನ್ನೇ ಆರಿಸಿದ್ದು 19 ಸೋಲುಗಳನ್ನು ಮರೆತು ಅಲ್ಲ.

ಮೇವೆದರ್ ಅಭಿಮಾನಿಗಳು ಹೇಳುವ ಇನ್ನೊಂದು ಮಾತು ಐದು ತೂಕ ವಿಭಾಗಗಳ ಪಟ್ಟ. 130, 135, 140, 147 ಮತ್ತು 154 ಪೌಂಡ್‌ಗಳಲ್ಲಿ ಚಾಂಪಿಯನ್ ಆಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಹಳೆಯ ಕಾಲದಲ್ಲಿ ಇಡೀ ಬಾಕ್ಸಿಂಗ್‌ಗೆ ಮುಖ್ಯವಾಗಿದ್ದ ವಿಭಾಗಗಳು ಎಂಟೇ. ಇಂದು 17ಕ್ಕೆ ಕಡಿಮೆಯಿಲ್ಲದ ವಿಭಾಗಗಳು, ಪ್ರತಿಯೊಂದಕ್ಕೂ ಪಟ್ಟ ಕೊಡುವ ನಾಲ್ಕು ಪ್ರಮುಖ ಸಂಸ್ಥೆಗಳು. ಒಂದೇ ಹೊತ್ತಿನಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ತಾವು ವಿಶ್ವ ಚಾಂಪಿಯನ್ ಎಂದು ಹೇಳಿಕೊಳ್ಳಲು ಅವಕಾಶವಿದೆ. ರಾಬಿನ್ಸನ್ 147ರಿಂದ ನೇರವಾಗಿ 160 ಪೌಂಡ್‌ಗೆ ಹಾರಬೇಕಿತ್ತು, ನಡುವೆ ಮೆಟ್ಟಿಲು ಇರಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಫೆದರ್‌ವೇಟ್ (126 ಪೌಂಡ್), ಲೈಟ್‌ವೇಟ್ (135), ವೆಲ್ಟರ್‌ವೇಟ್ (147) ಮೂರೂ ಪಟ್ಟಗಳನ್ನು ಏಕಕಾಲದಲ್ಲಿ ಹಿಡಿದಿದ್ದರು. ಮೂರು ಎಂಬ ಅಂಕಿ ಐದಕ್ಕಿಂತ ಚಿಕ್ಕದಾಗಿ ಕಂಡರೂ, ಎಂಟರಲ್ಲಿ ಮೂರು ಎಂದು ಓದಿದಾಗ ಅದರ ಗಾತ್ರ ತಿಳಿಯುತ್ತದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವವರ ಪಕ್ಷ ನನ್ನದಲ್ಲ. ತನಗೆ ಬೇಡವಾದ ಎದುರಾಳಿಯನ್ನು ದೂರವಿಡುವುದು ಆಗಲೂ ಇತ್ತು: ಕಪ್ಪು ಬಾಕ್ಸರ್‌ಗಳಲ್ಲಿ ಅತ್ಯಂತ ಚತುರರೆನಿಸಿದ್ದ ಚಾರ್ಲಿ ಬರ್ಲಿಗೆ ಯಾವ ಚಾಂಪಿಯನ್ನೂ ಪಟ್ಟದ ಅವಕಾಶ ಕೊಡಲಿಲ್ಲ, ರಾಬಿನ್ಸನ್ ಕೂಡ ಅವರೊಂದಿಗೆ ಆಡಲಿಲ್ಲ. ಹಳಬರ ಎಷ್ಟೋ ಪಂದ್ಯಗಳನ್ನು ನಾವು ಕಣ್ಣಿನಿಂದ ನೋಡಲಾಗದು ಎಂಬುದೂ ನಿಜವಾದ ತೊಡಕು. ಹೆವಿವೇಟ್ ಚಾಂಪಿಯನ್ ಆಗಿದ್ದ ಜೀನ್ ಟನಿ ಅವರನ್ನು ಸೋಲಿಸಿದ ಏಕೈಕ ಬಾಕ್ಸರ್ ಹ್ಯಾರಿ ಗ್ರೆಬ್ ಹೆಚ್ಚಿನ ಪಟ್ಟಿಗಳಲ್ಲಿ ಮೇಲಿದ್ದಾರೆ, ಆದರೆ ಅವರ ಒಂದು ಪಂದ್ಯದ ಚಲನಚಿತ್ರವೂ ಉಳಿದಿಲ್ಲ. ರಾಬಿನ್ಸನ್ ಅವರು ವೆಲ್ಟರ್‌ವೇಟ್‌ನಲ್ಲಿ ಉಚ್ಛ್ರಾಯದಲ್ಲಿದ್ದ ದಿನಗಳ ಚಲನಚಿತ್ರಗಳೂ ತೀರಾ ಕಡಿಮೆ. ಅಂದಿನ ಪತ್ರಿಕೆಗಳನ್ನು ನಂಬಿ ನಾವು ಅವರನ್ನು ಮೇಲಿಟ್ಟಿದ್ದೇವೆ. ಮೇವೆದರ್ ಅವರ ಪ್ರತಿ ದೊಡ್ಡ ಪಂದ್ಯವೂ ಹಲವು ಕೋನಗಳಿಂದ ಚಿತ್ರೀಕರಣಗೊಂಡಿದೆ, ಅವರ ಪ್ರತಿ ದೌರ್ಬಲ್ಯವನ್ನೂ ಎದುರಾಳಿಗಳು ನಿಧಾನಗತಿಯಲ್ಲಿ ನೋಡಿ ಸಿದ್ಧರಾಗಿ ಬಂದಿದ್ದಾರೆ. ಆದರೂ ಎಡ ಭುಜವನ್ನು ಎತ್ತಿ, ಗದ್ದವನ್ನು ಅದರ ಹಿಂದೆ ಅಡಗಿಸಿ, ಎಡಗೈಯನ್ನು ಹೊಟ್ಟೆಗೆ ಅಡ್ಡ ಹಿಡಿದು ನಿಲ್ಲುವ ಮೇವೆದರ್ ಅವರ ಆ ನಿಲುವನ್ನು ಒಡೆಯಲು ಎದುರಾಳಿಗಳಿಗೆ ಆಗಲಿಲ್ಲ. ಬಂದ ಗುದ್ದು ಭುಜದ ಮೇಲೆ ಜಾರಿ ಹೋಗುತ್ತಿದ್ದಂತೆ ಅವರ ಬಲಗೈ ಎದುರಾಳಿಯ ಮುಖದ ಮೇಲಿರುತ್ತಿತ್ತು. ಬಾಕ್ಸರ್‌ಗಳೇ ಆಗಿದ್ದ ತಂದೆ ಮತ್ತು ಚಿಕ್ಕಪ್ಪ ರೋಜರ್ ಮಗುವಾಗಿದ್ದಾಗಿನಿಂದ ಕಲಿಸಿದ ವಿದ್ಯೆ ಅದು.

ಮೇವೆದರ್ ಕಷ್ಟಕ್ಕೆ ಸಿಲುಕಲೇ ಇಲ್ಲ, ಆದ್ದರಿಂದ ಅವರ ಎದೆಗಾರಿಕೆ ಗೊತ್ತಾಗಲೇ ಇಲ್ಲ ಎನ್ನುವ ವಾದವನ್ನೂ ನಾನು ಒಪ್ಪುವುದಿಲ್ಲ. 2010ರ ಮೇ 1ರಂದು ಎರಡನೆಯ ಸುತ್ತಿನಲ್ಲಿ ಶೇನ್ ಮೋಸ್ಲಿ ಅವರ ಬಲಗೈ ಗುದ್ದುಗಳಿಗೆ ಮೇವೆದರ್ ಮಂಡಿ ಕುಸಿದು, ಎದುರಾಳಿಯನ್ನೇ ತಬ್ಬಿ ನಿಂತರು. ಅನಂತರ ಹಿಂದೆ ಸರಿಯುವ ಬದಲು ಮುಂದೆ ನಡೆದು, ಉಳಿದ ಪಂದ್ಯವನ್ನೆಲ್ಲ ತಮ್ಮದಾಗಿಸಿಕೊಂಡರು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಪ್ರದರ್ಶನ ಮಾತ್ರ 2001ರ ಜನವರಿಯದು. ಅದುವರೆಗೆ ಸೋಲನ್ನೇ ಕಾಣದಿದ್ದ, ತಮಗಿಂತ ಎತ್ತರದ ಡಿಯಾಗೊ ಕೊರಾಲೆಸ್ ಅವರನ್ನು ಐದು ಸಲ ನೆಲಕ್ಕೆ ಕೆಡವಿದ ಆ ರಾತ್ರಿಯ ಮೇವೆದರ್ ಯಾವ ಕಾಲದ ಯಾವ 130 ಪೌಂಡ್ ಬಾಕ್ಸರ್‌ಗೂ ಸಾಟಿ.

ಓದುಗರು ತಾವೇ ತೂಗಿ ನೋಡಬೇಕೆಂದಿದ್ದರೆ 2002ರ ಏಪ್ರಿಲ್‌ನಲ್ಲಿ ಹೋಸೆ ಲೂಯಿಸ್ ಕಸ್ಟಿಯೊ ಜೊತೆ ನಡೆದ ಅವರ ಮೊದಲ ಪಂದ್ಯವನ್ನು ಹುಡುಕಿ ನೋಡಿ. ವ್ಯಾಖ್ಯಾನದ ದನಿಯನ್ನು ಆರಿಸಿ, ಕಾಗದ ಪೆನ್ನು ಹಿಡಿದು, ಪ್ರತಿ ಸುತ್ತು ಗೆದ್ದವರಿಗೆ 10, ಸೋತವರಿಗೆ 9 ಅಂಕ ಬರೆಯುತ್ತಾ ಹೋಗಿ. ಮೂವರು ತೀರ್ಪುಗಾರರೂ ಮೇವೆದರ್ ಗೆದ್ದರೆಂದರು; ಟಿವಿಯ ಮುಂದೆ ಕುಳಿತು ಲೆಕ್ಕ ಬರೆದ ಬಹಳಷ್ಟು ಮಂದಿಗೆ ಗೆದ್ದವರು ಕಸ್ಟಿಯೊ. ಮೇವೆದರ್ ಎಂಟು ತಿಂಗಳೊಳಗೆ ಅವರಿಗೇ ಎರಡನೆಯ ಅವಕಾಶ ಕೊಟ್ಟು ಗೆದ್ದು ತೋರಿಸಿದರು, ಅದು ಅವರ ಹಿರಿಮೆ. ಆದರೆ ಮೊದಲ ಪಂದ್ಯದ ನಿಮ್ಮ ಕಾಗದದಲ್ಲಿ ಕಸ್ಟಿಯೊ ಮುಂದಿದ್ದರೆ, ಆ ದಾಖಲೆ 49 ಗೆಲುವು, 1 ಸೋಲು ಎಂದು ಓದಿಕೊಳ್ಳಿ. ಆಗಲೂ ನೀವು ಮೇವೆದರ್ ಅವರನ್ನು ಈಗಿಟ್ಟಿರುವ ಸ್ಥಾನದಲ್ಲೇ ಇಡುತ್ತೀರಾ ಎಂದು ಯೋಚಿಸಿ. ನನ್ನ ಪಟ್ಟಿಯಲ್ಲಿ ಅವರ ಜಾಗ ಆಗಲೂ ಇಷ್ಟೇ.