ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಏನನ್ನು ಅಳೆಯಬೇಕು?

ಮಧ್ಯಪ್ರದೇಶದ ಸಿಂಗ್ರೌಲಿಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳು. ಕಲ್ಲಿದ್ದಲಿನ ಮೇಲಿದ್ದ ಮಣ್ಣು, ಮರಳುಗಲ್ಲನ್ನೆಲ್ಲ ಸಿಡಿಸಿ, ಅಗೆದು, ಡಂಪರ್‌ಗಳಲ್ಲಿ ತಂದು ಸುರಿದ ರಾಶಿ ಅದು. ಗಣಿಯವರು ಇದನ್ನು 'ಓಬಿ' (ಓವರ್‌ಬರ್ಡನ್) ಅಂತಾರೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಬೇರೆ ರಾಜ್ಯಗಳ ಇಂಥದೇ ನೆಲದಿಂದ ಬರುತ್ತದೆ. ಹಾಗಾಗಿ ಇದು ನಮಗೂ ಸಂಬಂಧಿಸಿದ ವಿಷಯ.

ಸರ್ಕಾರಿ ಕಂಪನಿ ಕೋಲ್ ಇಂಡಿಯಾದ ಗಣಿಗಳ ಮೇಲೆ ಅದರದ್ದೇ ಗಣಿ ಯೋಜನಾ ಸಂಸ್ಥೆಯಾದ ರಾಂಚಿಯ ಸಿಎಂಪಿಡಿಐ 2008ರಿಂದ ಉಪಗ್ರಹ ಚಿತ್ರಗಳ ಮೂಲಕ ಕಣ್ಣಿಟ್ಟಿದೆ. ದೊಡ್ಡ ಗಣಿಗಳನ್ನು ಪ್ರತಿ ವರ್ಷ, ಚಿಕ್ಕವನ್ನು 3 ವರ್ಷಕ್ಕೊಮ್ಮೆ ನೋಡುತ್ತಾರೆ. ಎಷ್ಟು ಗುಂಡಿ ತುಂಬಿದೆ, ಎಷ್ಟು ಜಾಗದಲ್ಲಿ ಗಿಡ ಬಂದಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಮೇಲಿನಿಂದ ಕಾಣುವುದು ಎಲೆ ಮಾತ್ರ. ಕೆಳಗಿನ ಮಣ್ಣು ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಗುದ್ದಲಿಯನ್ನೇ ಹಿಡಿಯಬೇಕು.

ಓಬಿ ಮೇಲೆ ಬೇಗ ಬರುವ ಮರ ಅಕೇಶಿಯಾ. ಮಲೆನಾಡಿನವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಸಾರವಿಲ್ಲದ ನೆಲದಲ್ಲೂ ಬೆಳೆಯುತ್ತದೆ, ಸಾರಜನಕ ಕೂಡಿಸುತ್ತದೆ, ನಾಲ್ಕೈದು ವರ್ಷದಲ್ಲಿ ಹಸಿರು ತೋರಿಸುತ್ತದೆ. ಅಂಥ ಒಂದು ನೆಡುತೋಪಿನಲ್ಲಿ ಮರದ ಬುಡ ಅಗೆದು ನೋಡಿ. ಮೇಲೆ ಒಣ ಎಲೆಯ ದಪ್ಪ ಹಾಸು, ತುಳಿದರೆ ಚರಚರ ಸದ್ದು. ಅದನ್ನು ಸರಿಸಿದರೆ ಕಪ್ಪು ಮಣ್ಣು ಸಿಗಬೇಕು, ಅಲ್ವಾ? ಎಷ್ಟೋ ಕಡೆ ನೇರವಾಗಿ ಬೂದು ಬಣ್ಣದ ಕಲ್ಲುಚೂರು ಸಿಗುತ್ತದೆ. ಎಲೆ ಬಿದ್ದಿದೆ, ಕೊಳೆತಿಲ್ಲ. ಬೇರುಗಳೂ ನೆಡುವಾಗ ಒಳ್ಳೆ ಮಣ್ಣು ತುಂಬಿದ ಗುಂಡಿಯೊಳಗೇ ಸುತ್ತು ಹಾಕಿಕೊಂಡಿರುತ್ತವೆ. ಆಚೆಗೆ ಡಂಪರ್ ಓಡಾಡಿ ಗಟ್ಟಿಯಾದ ನೆಲ, ಬೇರು ಇಳಿಯಲು ಜಾಗವಿಲ್ಲ. ಆ ಮರದ ಕೆಳಗೆ ತಾನಾಗಿ ಹುಟ್ಟಿದ ಸಸಿಗಳು ಎಷ್ಟಿವೆ, ಯಾವ ಜಾತಿಯವು ಎಂದು ನಾನು ತಪ್ಪದೆ ಎಣಿಸುತ್ತೇನೆ. ನೆಟ್ಟ ಗಿಡದ ಲೆಕ್ಕಕ್ಕಿಂತ ನನಗೆ ಈ ಲೆಕ್ಕ ಮುಖ್ಯ.

ತಪ್ಪು ಶುರುವಾಗುವುದು ಗಣಿಯ ಮೊದಲ ದಿನಗಳಲ್ಲೇ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಆದಷ್ಟು ಬೇಗ ಮತ್ತೆ ಹರಡಬೇಕು. ಎತ್ತರದ ರಾಶಿ ಮಾಡಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಕಡಿಮೆಯಾಗುತ್ತವೆ, ಬೀಜಗಳು ಸಾಯುತ್ತವೆ. ಸಿಂಗ್ರೌಲಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿಗಳು ಬೇರೆ ಬೇರೆ ವಯಸ್ಸಿನ ಓಬಿ ರಾಶಿಗಳನ್ನು ಹೋಲಿಸಿ ಮಣ್ಣು, ಗಿಡ ಹೇಗೆ ಮರಳುತ್ತವೆ ಎಂದು ದಾಖಲಿಸಿದ್ದಾರೆ. ಮಣ್ಣು ಕಟ್ಟಿಕೊಳ್ಳುವುದು ದಶಕಗಳ ಕೆಲಸ.

ಅಳೆಯುವವರು ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಮಣ್ಣಿನ ಆರೋಗ್ಯ ನೋಡಲು ಸಾವಯವ ಇಂಗಾಲ ಅಳೆಯುತ್ತೇವೆ. ಮಾದರಿಯನ್ನು ಕುಲುಮೆಯಲ್ಲಿ ಸುಟ್ಟು, ಎಷ್ಟು ತೂಕ ಇಳಿಯಿತು ಎಂದು ನೋಡುವುದು ಸುಲಭದ ವಿಧಾನ. ಆದರೆ ಓಬಿಯಲ್ಲಿ ಕಲ್ಲಿದ್ದಲಿನ ಪುಡಿ ಇರುತ್ತದೆ, ಅದೂ ಉರಿಯುತ್ತದೆ. ಫಲಿತಾಂಶದಲ್ಲಿ ಬರಡು ರಾಶಿ ಕಾಡುಮಣ್ಣಿನಷ್ಟು ಸಮೃದ್ಧವಾಗಿ ಕಾಣಬಹುದು! ಅದಕ್ಕೇ ಆ ಒಂದು ಅಂಕಿ ನಂಬಿ ನೆಲ ಸುಧಾರಿಸಿತು ಅಂತ ಬರೆಯಬಾರದು. ಜೊತೆಗೆ ಸೂಕ್ಷ್ಮಜೀವಿಗಳ ಚಟುವಟಿಕೆ, ನೀರು ಇಂಗುವ ವೇಗ, ಮಣ್ಣಿನ ಗಟ್ಟಿತನವನ್ನೂ ಅಳೆಯಬೇಕು. ಪಕ್ಕದಲ್ಲೇ ಗಣಿ ಮುಟ್ಟದ ಕಾಡಿನ ಮಣ್ಣನ್ನೂ ತಂದು ಹೋಲಿಸಬೇಕು.

ಓಬಿ ರಾಶಿ ಕುಸಿಯದಂತೆ ಅದರ ಇಳಿಜಾರು 28 ಡಿಗ್ರಿ ಮೀರಬಾರದು ಎಂಬುದು ಸಾಮಾನ್ಯ ಷರತ್ತು. ಮೊದಲ ಮಳೆಗೆ ಮುಂಚೆ ಅಂಚಿನ ಬಿರುಕು, ಸುತ್ತಲಿನ ಕಾಲುವೆ ನೋಡಿಬಿಡಬೇಕು. ನೀರಿನದು ಇನ್ನೂ ಉದ್ದದ ಕಥೆ. ಬಂಡೆಯಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಗುಲಿದರೆ ಗಂಧಕಾಮ್ಲ ಹುಟ್ಟುತ್ತದೆ. ಸಿಂಗ್ರೌಲಿಯ ಗೋರ್ಬಿ ಗಣಿಯ ನೀರು ಹೀಗೇ ಆಮ್ಲವಾಗಿದೆ. ಗಣಿ ನಡೆಯುವಾಗ ನೀರನ್ನು ಪಂಪ್ ಮಾಡಿ ಹೊರಹಾಕುತ್ತಿರುತ್ತಾರೆ. ನಿಲ್ಲಿಸಿದ ಮೇಲೆ ಅಂತರ್ಜಲ ನಿಧಾನಕ್ಕೆ ಏರುತ್ತದೆ. ಆದ್ದರಿಂದ ಸುತ್ತಲಿನ ಹಳ್ಳಿಗಳ ಬಾವಿಗಳ ಮಟ್ಟ, ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬ ಅಂಕಿ), ಕಬ್ಬಿಣ, ಸಲ್ಫೇಟ್ ಅಳತೆ ಗಣಿ ಮುಚ್ಚಿದ ಮೇಲೂ ಬಹಳ ವರ್ಷ ನಡೆಯಲೇಬೇಕು.

ಇದಕ್ಕೆಲ್ಲ ದುಡ್ಡು? 2009ರ ಕೇಂದ್ರದ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ ಲೆಕ್ಕದಲ್ಲಿ ಎಸ್ಕ್ರೋ ಖಾತೆಗೆ, ಅಂದರೆ ಗಣಿ ಮುಚ್ಚುವ ಕೆಲಸಕ್ಕೇ ಮೀಸಲಾದ ಖಾತೆಗೆ, ಕಟ್ಟಬೇಕು ಎಂದಿತು. ನಂತರ ಮಾರ್ಗಸೂಚಿಯನ್ನು ಪರಿಷ್ಕರಿಸಲಾಗಿದೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತು ಹಾಕಬೇಕೆಂದು ಹೇಳಿತು. ದನಕರುಗಳ ಮೇವಿನ ಮಾತು ಬಂದದ್ದು ನನಗೆ ಬಹಳ ಸಮಾಧಾನ ತಂದಿತು, ಏಕೆಂದರೆ ಗಿಡ ನೆಡುವ ಭರದಲ್ಲಿ ಹುಲ್ಲನ್ನು ಯಾರೂ ಕೇಳುವುದಿಲ್ಲ. ಹುಲ್ಲಿನ ಬೇರು ಮಣ್ಣನ್ನು ಬೇಗ ಹಿಡಿಯುತ್ತದೆ, ಕೊಳೆತು ಸಾರವೂ ಆಗುತ್ತದೆ. ಮಳೆಗಾಲ ಮುಗಿದಾಗ ಒಂದು ಚದರ ಮೀಟರ್ ಚೌಕದಲ್ಲಿ ಹುಲ್ಲು ಕೊಯ್ದು ಒಣಗಿಸಿ ತೂಗಬೇಕು. ಅದೇ ಹುಲ್ಲಿನಲ್ಲಿ ಭಾರಲೋಹಗಳಿವೆಯೇ ಎಂದು ಪರೀಕ್ಷಿಸಬೇಕು. ಆ ವರದಿ ಕೈಗೆ ಬರುವ ಮುಂಚೆ ಅಲ್ಲಿ ದನ ಮೇಯಿಸಲು ಬಿಡಬಾರದು. ವರದಿಯ ಒಂದು ಪ್ರತಿ ಆಡುಮಾತಿನಲ್ಲಿ ಪಂಚಾಯಿತಿ ಕಚೇರಿಯ ಗೋಡೆ ಮೇಲಿರಬೇಕು.