ನಿಸರ್ಗದ ಪರ ಮಾತಾಡುವ ಹಕ್ಕು ಯಾರದು?

1847ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಕೃಷಿ ಸಂಘವೊಂದರ ಮುಂದೆ ಅಲ್ಲಿನ ಸಂಸದ ಜಾರ್ಜ್ ಪರ್ಕಿನ್ಸ್ ಮಾರ್ಷ್ ಭಾಷಣಕ್ಕೆ ನಿಂತರು. ಗುಡ್ಡದ ಮರ ಕಡಿದರೆ ನೀರು ಇಂಗುವುದಿಲ್ಲ, ಮಣ್ಣು ಕೊಚ್ಚಿ ಹೋಗುತ್ತದೆ, ಒಮ್ಮೆ ನೆರೆ ಬಂದರೆ ಮತ್ತೊಮ್ಮೆ ಹಳ್ಳ ಬತ್ತುತ್ತದೆ ಎಂದು ರೈತರಿಗೆ ಬಿಡಿಸಿ ಹೇಳಿದರು. ಮನುಷ್ಯನ ಕೈವಾಡದಿಂದ ಹವಾಮಾನವೇ ಬದಲಾಗಬಲ್ಲದು ಎಂಬ ಮಾತೂ ಅದರಲ್ಲಿತ್ತು. ಇಂದಿನ ಪರಿಸರ ಭಾಷಣಗಳ ತಿರುಳೆಲ್ಲ ಹೆಚ್ಚುಕಡಿಮೆ ಅಲ್ಲೇ ಇದೆ. ಆಮೇಲೆ ಬದಲಾದದ್ದು ವೇದಿಕೆ ಏರಿದವರು, ಮತ್ತು ಅವರು ಬೆರಳು ತೋರಿದ ದಿಕ್ಕು.

ಮೊದಲು ವೇದಿಕೆ ಆಳುವವರ ಕೈಯಲ್ಲಿತ್ತು. 1908ರ ಮೇ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ರಾಜ್ಯಪಾಲರನ್ನೆಲ್ಲ ಶ್ವೇತಭವನಕ್ಕೆ ಕರೆಸಿ, ಕಾಡು, ಕಲ್ಲಿದ್ದಲು, ಕಬ್ಬಿಣ ಮುಗಿದುಹೋದರೆ ಗತಿಯೇನು ಎಂದು ಕೇಳಿದರು. ಅದು ಉಗ್ರಾಣದ ಲೆಕ್ಕ ನೋಡುವ ಯಜಮಾನನ ಆತಂಕ. ಕಾಡನ್ನು ಕಾಡಿಗಾಗಿಯೇ ಉಳಿಸಬೇಕೆನ್ನುತ್ತಿದ್ದ ಜಾನ್ ಮ್ಯೂರ್‌ಗೆ ಆ ಸಭೆಗೆ ಆಹ್ವಾನವೇ ಇರಲಿಲ್ಲ.

1963ರ ಜೂನ್ 4ರಂದು ಜೀವವಿಜ್ಞಾನಿ, ಲೇಖಕಿ ರೇಚಲ್ ಕಾರ್ಸನ್ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕುಳಿತಾಗ ಮಾತಿನ ಜಾಡೇ ಬೇರೆಯಾಯಿತು. ಕೀಟನಾಶಕ ಸಿಂಪಡಿಸಿದಲ್ಲೇ ನಿಲ್ಲುವುದಿಲ್ಲ. ಗಾಳಿ, ನೀರು, ಆಹಾರದ ಮೂಲಕ ನಮ್ಮ ಮೈಗೇ ಬರುತ್ತದೆ ಎಂಬುದು ಅವರ ವಾದ. ಆಗ ಅವರಿಗೆ ಸ್ತನ ಕ್ಯಾನ್ಸರ್ ಇತ್ತು. ಅದನ್ನವರು ಸಾರ್ವಜನಿಕರಿಂದ ಮುಚ್ಚಿಟ್ಟಿದ್ದರು. ಮರುವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡರು. ನಿಸರ್ಗ ಹೊರಗೆಲ್ಲೋ ಇದೆ, ನಾವು ಅದನ್ನು ಕಾಪಾಡುವವರು ಎಂಬ ಜಂಬಕ್ಕೆ ಅಲ್ಲಿಗೆ ಪೆಟ್ಟು ಬಿತ್ತು.

ವಿಚಿತ್ರವೆಂದರೆ, ಪರಿಸರದ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಭಾಷಣವೊಂದನ್ನು ಯಾರೂ ಮಾಡಿಯೇ ಇಲ್ಲ. ಮೂಲನಿವಾಸಿ ಮುಖಂಡ ಸಿಯಾಟಲ್ 1854ರಲ್ಲಿ ಆಡಿದರೆನ್ನುವ ಮಾತುಗಳು ಮೊದಲು ಅಚ್ಚಾದದ್ದು 1887ರಲ್ಲಿ, ಹೆನ್ರಿ ಸ್ಮಿತ್ ಎಂಬ ವೈದ್ಯನ ಬರಹದಲ್ಲಿ. ಅದರ ಮುಖ್ಯ ದನಿ ಕೈತಪ್ಪಿದ ನೆಲದ್ದು, ಪೂರ್ವಜರ ಸಮಾಧಿಗಳದ್ದು. ಭಿತ್ತಿಪತ್ರಗಳಲ್ಲಿ ಮೆರೆದ ಭೂತಾಯಿಯ ಪಾಠವನ್ನು 1970ರ ದಶಕದ ಆರಂಭದಲ್ಲಿ ಚಿತ್ರಸಾಹಿತಿ ಟೆಡ್ ಪೆರಿ ಒಂದು ಪರಿಸರ ಚಿತ್ರಕ್ಕೆಂದು ಬರೆದರು. ಚಲಿಸುವ ರೈಲಿನಿಂದ ಬಿಳಿಯರು ಗುಂಡಿಕ್ಕಿ ಕೊಂದ ಸಾವಿರ ಬೈಸನ್‌ಗಳನ್ನು ಕಂಡೆ ಎನ್ನುತ್ತಾನೆ ಅದರ ಮುಖಂಡ. ಸಿಯಾಟಲ್ ಬಾಳಿದ ಕರಾವಳಿಯಲ್ಲಿ ಬೈಸನ್‌ಗಳಿರಲಿಲ್ಲ, 1854ಕ್ಕೆ ರೈಲೂ ಬಂದಿರಲಿಲ್ಲ! ನೆಲ ಕಳೆದುಕೊಂಡವನ ಬಾಯಲ್ಲಿ ತಮಗೆ ಹಿತವಾದ ಮಾತು ಹಾಕಿ, ನೆಲದ ಪ್ರಶ್ನೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಂತಾಯಿತು.

ವಿಶ್ವಸಂಸ್ಥೆಯ 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಆ ಪ್ರಶ್ನೆ ಬೇರೆ ವೇಷದಲ್ಲಿ ಮರಳಿತು. ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಅಲ್ಲಿಗೆ ಬಂದ ಸರ್ಕಾರದ ಮುಖ್ಯಸ್ಥರು ಇಂದಿರಾ ಗಾಂಧಿ ಒಬ್ಬರೇ. ಬಡತನ ಮತ್ತು ಕೊರತೆಗಳೇ ಅತಿದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಅವರು ಕೇಳಿದರು. ಈ ಮಾತನ್ನು ಬಡವರ ಮೇಲಿನ ದೂರೆಂದು ಓದಿದವರಿದ್ದಾರೆ. ಭಾಷಣವನ್ನು ಪೂರ್ತಿ ಓದಿದರೆ ಅದು ಶ್ರೀಮಂತ ದೇಶಗಳಿಗೆ ಹಾಕಿದ ಸವಾಲು.

ಮುಂದೆ ವಿಜ್ಞಾನಿಗಳ ಸರದಿ. 1988ರಲ್ಲಿ ಜೇಮ್ಸ್ ಹ್ಯಾನ್ಸೆನ್ ಭೂಮಿ ಬಿಸಿಯಾಗುತ್ತಿರುವುದು ಶೇ 99ರಷ್ಟು ಖಚಿತ ಎಂದು ಸೆನೆಟ್ ಸಮಿತಿಗೆ ತಿಳಿಸಿದರು. ಅಂಕಿಗಳಿಂದ ಕೆಲಸವಾಗಲಿಲ್ಲ, ಮಕ್ಕಳು ಬಂದರು. 1992ರ ರಿಯೊ ಪರಿಸರ ಸಮ್ಮೇಳನದಲ್ಲಿ 12 ವರ್ಷದ ಸೆವರ್ನ್ ಸುಜುಕಿ, 2019ರ ನ್ಯೂಯಾರ್ಕ್ ಹವಾಮಾನ ಸಮ್ಮೇಳನದಲ್ಲಿ 16ರ ಗ್ರೇತಾ ಥನ್‌ಬರ್ಗ್. ಎರಡರ ನಡುವೆ 27 ವರ್ಷ. ಮೊದಲನೆಯದರಲ್ಲಿ ಬೇಡಿಕೆಯಿತ್ತು, ಎರಡನೆಯದರಲ್ಲಿ ಸಿಟ್ಟು. ದೊಡ್ಡವರು ಎರಡಕ್ಕೂ ಚಪ್ಪಾಳೆ ತಟ್ಟಿದರು. ಬೈಗುಳಕ್ಕೂ ಚಪ್ಪಾಳೆ ತಟ್ಟುವ ಸಭೆಯನ್ನು ಮಾತಿನಿಂದ ಗೆಲ್ಲುವುದು ಕಷ್ಟ.

2021ರಲ್ಲಿ, ಏರುವ ಸಮುದ್ರದ ಭೀತಿಯಲ್ಲಿರುವ ಪೆಸಿಫಿಕ್ ದ್ವೀಪದೇಶ ತುವಾಲುವಿನ ಸಚಿವ ಸೈಮನ್ ಕೋಫೆ ಗ್ಲಾಸ್ಗೋ ಹವಾಮಾನ ಸಮ್ಮೇಳನಕ್ಕೆ ಕಳಿಸಿದ್ದು ವಿಡಿಯೊ: ಕೋಟು, ಟೈ, ಮೇಲಕ್ಕೆ ಮಡಿಸಿದ ಪ್ಯಾಂಟು, ಮೊಣಕಾಲುದ್ದದ ಸಮುದ್ರದಲ್ಲಿ ಭಾಷಣದ ಪೀಠ. ಜಗತ್ತು ಅದನ್ನು ನೋಡಿತು. ಅಲ್ಲಿನ ಜನರಿಗೆ ನೆಲೆ ಕೊಡುವ ಲಿಖಿತ ಭರವಸೆ ಹುಟ್ಟಿದ್ದು ಮಾತ್ರ ಬೇರೆಡೆ. 2023ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ತುವಾಲು ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ವರ್ಷಕ್ಕೆ 280 ಮಂದಿಯನ್ನು ನೆಲೆಸಲು ಬರಮಾಡಿಕೊಳ್ಳಲು ಒಪ್ಪಿತು. ಪ್ರತಿಯಾಗಿ ತುವಾಲು ಬೇರೆ ದೇಶಗಳೊಂದಿಗೆ ಮಾಡಿಕೊಳ್ಳುವ ರಕ್ಷಣಾ ಒಪ್ಪಂದಗಳಿಗೆ ಆಸ್ಟ್ರೇಲಿಯಾದ ಸಮ್ಮತಿ ಬೇಕು ಎಂಬ ಷರತ್ತನ್ನೂ ಬರೆಸಿಕೊಂಡಿತು.